ದುರ್ಗಿಗುಡಿಯ ಹಾಲಿಗೆ ಮೆಟ್ಟಿಲಿರಲಿಲ್ಲ

ಅಕ್ಕನಿಗೆ ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎರಡೂ ಕಾಲು ಸೋತವು. ಮನೆಯೊಳಗೆ ಅಂಗೈ ಊರಿಕೊಂಡು ಸರಿದಾಡುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿದರೆ ನಡೆದಾಡುವ ನಮಗಿಂತ ಮೊದಲು ಅವಳೇ ಅಲ್ಲಿರುತ್ತಿದ್ದಳು. ಹೊಸ್ತಿಲು ದಾಟಬೇಕೆಂದರೆ ಮಾತ್ರ ನನ್ನ ಬೆನ್ನು ಬೇಕಿತ್ತು. ಅವಳಿಗಿಂತ ಚಿಕ್ಕವನಾದರೂ ನಾನು ಗಟ್ಟಿಮುಟ್ಟಾಗಿದ್ದೆ, ದಿನಾ ಅವಳನ್ನು ಹೊತ್ತುಕೊಂಡೇ ಶಾಲೆಗೆ ಹೋಗುತ್ತಿದ್ದೆ. ಭದ್ರಾವತಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದ ಅಪ್ಪ ತೀರಿಕೊಂಡಾಗ ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಹೊರುವವನು ಬಿಟ್ಟ ಮೇಲೆ ಅವಳ ಶಾಲೆಯೂ ನಿಂತಿತು. ಆಮೇಲೆ ಅವಳು ಕೈಯಲ್ಲಿ ತಿರುಗಿಸುವ ಹೊಲಿಗೆ ಮೆಷಿನ್ನಿನಲ್ಲಿ ರವಿಕೆ ಹೊಲಿಯುವುದನ್ನು ಕಲಿತಳು.

ಮದುವೆ ಮುಂಜಿಗಳಿಗೆ ಅಕ್ಕನನ್ನೂ ಕರೆದುಕೊಂಡು ಹೋಗುತ್ತಿದ್ದೆವು. ಕರೆದುಕೊಂಡು ಹೋಗಿ ಏನು ಮಾಡುತ್ತಿದ್ದೆವೆಂದರೆ, ಹೆಣ್ಣಿನ ಕಡೆಯವರ ಕೋಣೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ ಎಲ್ಲರ ಬ್ಯಾಗು, ಚಪ್ಪಲಿ, ಮಕ್ಕಳ ಸ್ವೆಟರ್ ಅವಳ ಸುತ್ತ ಇಡುತ್ತಿದ್ದೆವು. "ನೋಡ್ಕೊಂಡಿರು" ಎಂದರೆ ಮುಗಿಯಿತು. ಊಟ ತಟ್ಟೆಯಲ್ಲಿ ಅಲ್ಲಿಗೇ ಹೋಗುತ್ತಿತ್ತು. ಪಂಕ್ತಿಯಲ್ಲಿ ನಾಲ್ಕು ಜನರ ಜೊತೆ ಎಲೆಯ ಮುಂದೆ ಕೂತು ಉಂಡದ್ದು ಅವಳಿಗೆ ನೆನಪಿರಲಿಲ್ಲ. ಒಂದು ಸಲ ಮಾತ್ರ, ಮಹಡಿಯ ಮೇಲೆ ಊಟವಿದ್ದ ಒಂದು ಮದುವೆಯಲ್ಲಿ, ನಾನೇ ಹುರುಪಿನಿಂದ ಅವಳನ್ನು ಹೊತ್ತು ಮೆಟ್ಟಿಲು ಹತ್ತಿಸಿದೆ. ಉಣ್ಣುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಯಾರೋ "ಅಯ್ಯೋ ಪಾಪ" ಎಂದರು. ಅಕ್ಕ ನನ್ನ ಕಿವಿಯ ಹತ್ತಿರ, "ಇಳ್ಸು, ಕೆಳಗೆ ಹೋಗಣ" ಎಂದಳು. ಅಂದಿನಿಂದ ಜನರ ಎದುರು ಮೆಟ್ಟಿಲು ಹತ್ತಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಳು. ಈ ಹಟ ನನಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ನಾನು ಮಾಡಿದ್ದು ಅದು ಗೊತ್ತಿದ್ದೇ ಮಾಡಿದ್ದು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಬೀದಿಯ ತುದಿಯ ಮನೆಗೆ ಬೊಂಬಾಯಿ ಕಡೆಯ ದಂಪತಿ ಬಂದರು. ಗಂಡನಿಗೆ ಕಾರ್ಖಾನೆಯಲ್ಲಿ ಯಾವುದೋ ಯಂತ್ರ ಕೂರಿಸುವ ಕೆಲಸ, ಒಪ್ಪಂದದ ಮೇಲೆ. ಹೆಂಡತಿ ಅಕ್ಕನ ಹತ್ತಿರ ರವಿಕೆ ಹೊಲಿಸಲು ಬಂದು, ಮೊದಲ ದಿನವೇ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತರು. "ನನ್ನನ್ನ ಮೌಶಿ ಅನ್ನು. ಮರಾಠಿಯಲ್ಲಿ ಚಿಕ್ಕಮ್ಮ" ಎಂದರು. ಅವರ ಮನೆಯಲ್ಲಿ ದೇವರ ಪಟವಿರಲಿಲ್ಲ, ಶಿಲುಬೆಯೂ ಇರಲಿಲ್ಲ. ಬೀದಿಯವರಿಗೆ ಅದೇ ಚಿಂತೆ. ಪಕ್ಕದ ಮನೆಯ ತಮಿಳಿನ ಅಜ್ಜಿಗೆ, ನಾವೆಲ್ಲ ಪಾಟಿ ಎನ್ನುತ್ತಿದ್ದವರಿಗೆ, ಕಿವಿ ಸ್ವಲ್ಪ ಮಂದ, ಬಾಯಿ ಚುರುಕು. ಒಂದು ದಿನ ಮೌಶಿಯ ಗಂಡನನ್ನೇ ತಡೆದು ಕೇಳಿದರು.

"ನೀವು ಕಿರಿಸ್ತಾನ್ರಾ?"

"ಅಲ್ಲ ಅಮ್ಮ."

"ಸಾಬ್ರಾ?"

"ಅಲ್ಲ. ನಾವು ಯಹೂದಿಗಳು."

"ಏನು ಊದೋದು?"

ಅವರು ನಕ್ಕು, ದನಿ ಏರಿಸಿ ವಿವರಿಸಿದರು. ತಮ್ಮ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಕೊಂಕಣದ ಕಡಲತೀರಕ್ಕೆ ಬಂದವರು, ಅಲ್ಲಿ ಎಣ್ಣೆ ಗಾಣ ಇಟ್ಟುಕೊಂಡವರು, ಶನಿವಾರ ಮಾತ್ರ ಗಾಣ ಕಟ್ಟದವರು ಎಂದರು. ಪಾಟಿಯ ಮುಖ ಬೆಳಗಿತು. "ಹಂಗಾದ್ರೆ ಗಾಣಿಗ್ರು ಅನ್ನಿ! ಮೊದ್ಲೇ ಹೇಳಕ್ಕೇನು?" ಅಲ್ಲಿಗೆ ಬೀದಿಯ ಚಿಂತೆ ತೀರಿತು.

ಶುಕ್ರವಾರ ಸಂಜೆ ಅವರ ಮನೆಯಲ್ಲಿ ದೀಪ ಹಚ್ಚಿ ಪ್ರಾರ್ಥನೆ ಮಾಡಿ ಊಟ ಮಾಡುವ ಪದ್ಧತಿಯಿತ್ತು. ತಮ್ಮವರು ಯಾರೂ ಈ ಊರಿನಲ್ಲಿಲ್ಲ, ಬಂದವರೇ ನಮ್ಮವರು ಎಂದು ಮೌಶಿ ಅಕ್ಕನನ್ನು ಕರೆದರು. ಅಕ್ಕ ರವಿಕೆಗೆ ಹುಕ್ಕು ಹಾಕುತ್ತಲೇ, "ನಿಮ್ಮನೆ ಜಗಲಿಗೆ ಮೆಟ್ಟಿಲಿದೆ ಮೌಶಿ. ಇನ್ನೊಂದ್ಸಲ ಬರ್ತೀನಿ" ಎಂದಳು. ಮೌಶಿ ಆಗಲಿ ಎಂದು ಹೋದರು. ಮುಂದಿನ ಶುಕ್ರವಾರ ನೋಡಿದರೆ ಅವರ ಕಾರು ರಸ್ತೆಯಲ್ಲಿ ನಿಂತಿತ್ತು. ಬೀದಿಯ ಮಟ್ಟಕ್ಕೇ ಇದ್ದ ಕಾರಿನ ಶೆಡ್ಡನ್ನು ತೊಳೆದು, ಜಮಖಾನ ಹಾಸಿ, ನಡುವೆ ಮಣೆಯ ಮೇಲೆ ಎರಡು ದೀಪ ಇಟ್ಟಿದ್ದರು. ಗ್ರೀಸಿನ ಕಲೆ ಮಾತ್ರ ಹೋಗಿರಲಿಲ್ಲ.

ಕುರ್ಚಿ ಒಂದೂ ಇರಲಿಲ್ಲ. ಕುರ್ಚಿ ಹಾಕಿದರೆ ಅಕ್ಕ ಎಲ್ಲರ ಕಾಲಬುಡದಲ್ಲಿ ಕೂತಂತಾಗುತ್ತದೆ ಎಂದು ಮೌಶಿಯ ಲೆಕ್ಕ. ಆದರೆ ಪಾಟಿಗೆ ಮಂಡಿನೋವು. "ನಾನು ಕೆಳಗೆ ಕೂತ್ರೆ ಆಯ್ತು, ಎಬ್ಬಿಸಕ್ಕೆ ಫ್ಯಾಕ್ಟರಿಯಿಂದ ಕ್ರೇನ್ ತರ್ಸ್ಬೇಕು" ಎಂದು ಅವರು ನಿಂತೇ ಇದ್ದರು. ಮೌಶಿ ಒಳಗಿನಿಂದ ಒಂದು ಗಿಡ್ಡ ಸ್ಟೂಲು ತಂದು, ಅದೂ ಎತ್ತರವೆನ್ನಿಸಿ, ಕೊನೆಗೆ ಕಾರಿನ ಸೀಟಿನ ದಿಂಬನ್ನು ಇಟ್ಟಿಗೆಗಳ ಮೇಲಿಟ್ಟು ಕೂರಿಸಿದರು. ಗಂಡ ಬಲದಿಂದ ಎಡಕ್ಕೆ ಅಕ್ಷರವಿದ್ದ ಪುಸ್ತಕ ಹಿಡಿದು, ಪಾಟಿಗೆ ಕೇಳುವಷ್ಟು ಗಟ್ಟಿಯಾಗಿ ಓದಿದರು. ಒಂದು ಕಡೆ ಎದ್ದು ನಿಲ್ಲುವುದಿತ್ತು. ಅವರು ಓದು ನಿಲ್ಲಿಸಿ, "ಆಗೋರು ನಿಲ್ಲಿ. ಆಗದೋರು ಕೂತ್ಕೊಂಡೇ ಮನಸ್ಸಲ್ಲಿ ನಿಲ್ಲಿ. ದೇವರಿಗೆ ಎರಡೂ ಒಂದೇ ಎತ್ತರ" ಎಂದರು. ನಾನು ನಿಂತೆ. ಮೌಶಿ ನಿಲ್ಲಬಲ್ಲವರು, ಆದರೂ ಅಕ್ಕನ ಪಕ್ಕ ಕೂತೇ ಇದ್ದರು.

ಊಟಕ್ಕೆ ಮೊದಲು ಕೈ ತೊಳೆಯುವುದು. ಮೌಶಿ ಹಿತ್ತಾಳೆಯ ತಂಬಿಗೆ, ಒಂದು ಅಗಲ ಬೋಗುಣಿ ತಂದು ಮೊದಲನೆಯವರ ಕೈಗೆ ನೀರು ಹಾಕಿದರು. ಅವರು ಪಕ್ಕದವರಿಗೆ, ಪಕ್ಕದವರು ಅವರ ಪಕ್ಕದವರಿಗೆ. ಹೀಗೆ ತಂಬಿಗೆ ಸುತ್ತು ಬಂತು. ಅಕ್ಕ ನನ್ನ ಕೈಗೆ ನೀರು ಹಾಕಿದಳು, ಅವಳ ಕೈಗೆ ಪಾಟಿ ಹಾಕಿದ್ದರು. ಆಮೇಲೆ ಒಣದ್ರಾಕ್ಷಿ ನೆನೆಸಿ ಕಿವುಚಿದ ಶರಬತ್ತು, ಬ್ರೆಡ್ಡು, ಮೀನಿನ ಸಾರು. ಅಕ್ಕನನ್ನು ಬೆನ್ನ ಮೇಲೆ ಹೊತ್ತು ಮನೆಗೆ ಬಂದೆ. ಬಾಗಿಲ ಹತ್ತಿರ, "ಇವತ್ತು ಬ್ಯಾಗ್ ಕಾಯ್ಲಿಲ್ಲ ಕಣೋ" ಎಂದಳು.

ಆಮೇಲೆ ಶುಕ್ರವಾರ ಎಂದರೆ ಅವಳು ಮಧ್ಯಾಹ್ನಕ್ಕೇ ಮೆಷಿನ್ನಿಗೆ ಬಟ್ಟೆ ಮುಚ್ಚುತ್ತಿದ್ದಳು. ತಲೆ ಬಾಚಿ, ತಾನೇ ಹೊಲಿದ ಚೂಡಿದಾರ ಹಾಕಿ ಕೂತಿರುತ್ತಿದ್ದಳು, ನಾನು ಬರುವುದು ತಡವಾದರೆ ಅಮ್ಮನಿಗೆ ಬೈಗುಳ. ಅವರ ಪ್ರಾರ್ಥನೆಯ ಹಾಡುಗಳನ್ನು ಕಿವಿಯಲ್ಲೇ ಕಲಿತು ನಮಗಿಂತ ಚೆನ್ನಾಗಿ ಹಾಡುತ್ತಿದ್ದಳು. ಪಾಟಿಯಂತೂ ಪ್ರತಿ ಸಾಲಿನ ಕೊನೆಗೆ "ಮುರುಗಾ" ಎಂದು ಸೇರಿಸುತ್ತಿದ್ದರು. ಯಾರೂ ತಡೆಯಲಿಲ್ಲ.

ಅಷ್ಟರಲ್ಲಿ ನನಗೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಟ್ಟೆ ಅಂಗಡಿಯ ಕೆಲಸ ಸಿಕ್ಕಿತು. ದಿನಾ ಬಸ್ಸಿನಲ್ಲಿ ಹೋಗಿಬರುವುದು. ಇಸ್ತ್ರಿ ಮಾಡಿದ ಪ್ಯಾಂಟು, ಕುತ್ತಿಗೆಗೆ ಅಳತೆ ಟೇಪು. ಸೇರಿದ ಹೊಸತರಲ್ಲಿ ಯಜಮಾನರು, "ಮನೇಲಿ ಯಾರ್ಯಾರಿದೀರ?" ಎಂದು ಕೇಳಿದರು. ನಾನು, "ಅಮ್ಮ, ನಾನು. ಅಕ್ಕನ್ನ ತೀರ್ಥಹಳ್ಳಿ ಕಡೆ ಕೊಟ್ಟಿದೀವಿ" ಎಂದುಬಿಟ್ಟೆ. ಯಾಕೆ ಹಾಗೆಂದೆ? ಅವರೇನೂ ಕೆಟ್ಟ ಮಾತು ಆಡಿರಲಿಲ್ಲ. ಇದ್ದದ್ದು ಹೇಳಿದ್ದರೆ "ಅಯ್ಯೋ ಪಾಪ" ಎನ್ನುತ್ತಿದ್ದರು, ಅಷ್ಟೆ. ಆ ಪಾಪ ನನ್ನ ಹೊಸ ಪ್ಯಾಂಟಿಗೆ ಅಂಟಬಾರದು ಎನ್ನಿಸಿತ್ತು. ಆಮೇಲೆ ಅಂಗಡಿಯ ಹುಡುಗರು ಕೇಳಿದಾಗಲೆಲ್ಲ ಅದೇ ಉತ್ತರ ಕೊಟ್ಟೆ. ಭಾವನಿಗೆ ಒಂದು ಕೆಲಸವನ್ನೂ ಕೊಟ್ಟೆ, ಸೊಸೈಟಿಯಲ್ಲಿ ಗುಮಾಸ್ತ.

ಆ ವರ್ಷ ಮೌಶಿಯ ಗಂಡ ಎದೆಯ ಆಪರೇಷನ್ ಆಗಿ ಬದುಕಿ ಬಂದರು. ಮೌಶಿ ಹರಕೆ ಹೊತ್ತಿದ್ದರು. ಅವರಲ್ಲಿ ಹರಕೆ ತೀರಿಸುವುದಕ್ಕೆ ಮಲಿದಾ ಎಂದು ಮಾಡುತ್ತಾರೆ. ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ ಕಲೆಸಿ, ಸುತ್ತ ಹಣ್ಣು ಜೋಡಿಸಿ, ತಮ್ಮ ಪ್ರವಾದಿಯೊಬ್ಬರನ್ನು ನೆನೆದು ಎಲ್ಲರಿಗೂ ಹಂಚುವುದು. "ನಮ್ಮ ಸಿಹಿ ಅವಲಕ್ಕಿನೇ ಅಲ್ವಾ ಇದು!" ಎಂದು ಅಕ್ಕನಿಗೆ ಸಂಭ್ರಮ. ಬೊಂಬಾಯಿಯಿಂದ ನೆಂಟರು ಬರುವವರಿದ್ದರು, ಅವರಿಗೆ ಲಾಡ್ಜು ಹತ್ತಿರವಾಗಲೆಂದು ಶಿವಮೊಗ್ಗದಲ್ಲೇ ಹಾಲ್ ಹಿಡಿಯುವುದೆಂದಾಯಿತು. ಅವಲಕ್ಕಿ ಕಲೆಸುವುದು ಅಕ್ಕನ ಕೈಯಲ್ಲೇ ಆಗಬೇಕೆಂದು ಮೌಶಿ ಮೊದಲೇ ಹೇಳಿಟ್ಟಿದ್ದರು. ಬಂದ ಜನರೆಲ್ಲ ಅವಳು ಕಲೆಸಿದ್ದನ್ನು ತಿನ್ನಬೇಕು. ಅಕ್ಕನಿಗೆ ಅಂಥ ಮಾತನ್ನು ಅದುವರೆಗೆ ಯಾರೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಮೌಶಿ ನನ್ನ ಅಂಗಡಿಗೇ ಬಂದರು. ಬಿಸಿಲಲ್ಲಿ ಹಾಲ್‌ಗಳನ್ನು ಸುತ್ತಿ ಮುಖ ಕೆಂಪಾಗಿತ್ತು. "ಸಿಕ್ತು ನೋಡು! ನಿಮ್ಮ ಅಂಗಡಿ ದಾಟಿದ್ರೆ ಅಲ್ಲೇ. ಒಂದೂ ಮೆಟ್ಟಿಲಿಲ್ಲ. ಬಚ್ಚಲಿನ ಬಾಗಿಲು ಕೂಡ ಅಗಲ ಇದೆ, ನಾನೇ ಒಳಗೆ ಹೋಗಿ ನೋಡ್ದೆ. ಅಕ್ಕನಿಗೆ ಹೇಳ್ಬಿಡು. ನಾವು ಬೆಳಿಗ್ಗೆನೇ ಕಾರಲ್ಲಿ ಕರ್ಕೊಂಡು ಬರ್ತೀವಿ."

ಗಲ್ಲಾದಲ್ಲಿದ್ದ ಯಜಮಾನರು ತಲೆ ಎತ್ತಿದರು. "ಅಕ್ಕ ಊರಿಂದ ಬಂದಿದಾಳೇನೋ?"

"ಹೂಂ ಸಾರ್" ಎಂದೆ. ಮೌಶಿಗೆ ಅವಸರದಿಂದ, "ನಿಮಗೆ ಬೆಳಿಗ್ಗೆ ಸಾವಿರ ಕೆಲಸ ಇರುತ್ತೆ. ನಾನೇ ಕರ್ಕೊಂಡು ಬರ್ತೀನಿ ಬಿಡಿ" ಎಂದೆ. ಅವರು ನನ್ನ ಕೆನ್ನೆ ತಟ್ಟಿ ಹೋದರು.

ಆ ಸಂಜೆ ಬಸ್ಸಿನಲ್ಲಿ ನನಗೆ ಕಂಡದ್ದು ಒಂದೇ ಚಿತ್ರ. ಅಂಗಡಿಯ ಮುಂದೆ ಆಟೊ ನಿಲ್ಲುತ್ತದೆ, ನಾನು ಬೆನ್ನು ಬಗ್ಗಿಸುತ್ತೇನೆ, ಹುಡುಗರೆಲ್ಲ ಹೊರಗೆ ಬಂದು ನೋಡುತ್ತಾರೆ. ಮನೆಗೆ ಬಂದಾಗ ಅಕ್ಕ ಕಾದಿದ್ದಳು.

"ಹಾಲ್ ಸಿಕ್ತಂತಾ? ಹೆಂಗಿದೆ?"

"ಮಹಡಿ ಮೇಲಿದೆ" ಎಂದೆ. "ಮೆಟ್ಟಿಲು ಕಡಿದು. ಕಿರಿದು ಬೇರೆ."

"ಮೌಶಿ ನೋಡ್ಲಿಲ್ವಾ?"

"ನೆಂಟ್ರು ಹಿಡಿದಿದ್ದಂತೆ. ಇರ್ಲಿ ಬಿಡು, ನಾನು ಹೊತ್ಕೊಂಡು ಹತ್ತಿಸ್ತೀನಿ."

ಅವಳು ಒಪ್ಪುವುದಿಲ್ಲವೆಂದು ಗೊತ್ತಿದ್ದೇ ಆ ಮಾತು ಆಡಿದೆ. ಹೊರಲಾರೆ ಎಂದಿದ್ದರೆ ಜಗಳವಾಡುತ್ತಿದ್ದಳು, ಮೌಶಿಗೆ ಹೇಳಿ ಕಳಿಸುತ್ತಿದ್ದಳು. ಹೊರುತ್ತೇನೆ ಎಂದದ್ದರಿಂದ ಸುಮ್ಮನಾದಳು. "ನೀನು ಹೋಗ್ಬಾ. ಏನಾದ್ರೂ ಕೇಳಿದ್ರೆ ಕೆಲಸ ಇತ್ತು ಅನ್ನು" ಎಂದಳು.

ಆ ದಿನ ನಾನೊಬ್ಬನೇ ಹೋದೆ. ಬೀದಿಯಿಂದ ನೇರ ಒಳಗೆ ಕಾಲಿಡುವಂಥ ಹಾಲು. ನೆಂಟರೆಲ್ಲ ಜಮಖಾನದ ಮೇಲೆ ಕೂತಿದ್ದರು. ಗೋಡೆಯ ಪಕ್ಕ, ಪಾಟಿಯ ದಿಂಬಿನ ಬಲಕ್ಕೆ, ಒಂದು ಜಾಗ ಖಾಲಿ. ಅದರ ಮುಂದೆ ದೊಡ್ಡ ಪರಾತ, ಅವಲಕ್ಕಿ, ತುರಿದಿಟ್ಟ ಕಾಯಿ. ಏನನ್ನೂ ಕಲೆಸಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು.

"ಅಕ್ಕ ಎಲ್ಲಿ?" ಎಂದರು ಮೌಶಿ.

"ಜ್ವರ ಬಂದುಬಿಟ್ಟಿದೆ" ಎಂದೆ.

ಮೌಶಿ ಮುಖ ಸಪ್ಪಗೆ ಮಾಡಿಕೊಂಡು ಪರಾತದ ಮುಂದೆ ಕೂತು ತಾವೇ ಕಲೆಸಿದರು. ಕೈ ತೊಳೆಯುವ ಹೊತ್ತಿಗೆ ಬೊಂಬಾಯಿಯ ಹಿರಿಯರೊಬ್ಬರು ಎದ್ದು ನಲ್ಲಿಯ ಕಡೆ ಹೊರಟರು. ಮೌಶಿ ಅವರನ್ನು ತಡೆದು ತಂಬಿಗೆ ಮುಂದೆ ಮಾಡಿದರು. "ಇದು ಯಾವಾಗಿಂದ? ನಮ್ಮಲ್ಲಿ ಎದ್ದು ಹೋಗಿ ತೊಳೀತೀವಲ್ಲ" ಎಂದು ಅವರು ಹಿಂದಿಯಲ್ಲಿ ಕೇಳಿದರು. ಮೌಶಿ, "ನಮ್ಮ ಭದ್ರಾವತಿಯಲ್ಲಿ ಹೀಗೇ" ಎಂದರು. ತಂಬಿಗೆ ಸುತ್ತುವುದು ಅವರ ಪದ್ಧತಿಯೆಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ. ನಲ್ಲಿಯವರೆಗೆ ಹೋಗಲಾರದ ಒಬ್ಬಳಿಗಾಗಿ ಅದನ್ನು ಬದಲಿಸಿದ್ದರು. ಈಗ ಅವಳಿಲ್ಲದಾಗಲೂ ಬಿಟ್ಟಿರಲಿಲ್ಲ. ನನ್ನ ಕೈಗೆ ಯಾರೋ ಅಪರಿಚಿತರು ನೀರು ಹಾಕಿದರು.

ಅಕ್ಕನಿಗೆಂದು ಡಬ್ಬಿಯಲ್ಲಿ ಮಲಿದಾ ಕಳಿಸಿದ್ದರು. ಅಕ್ಕ ಮುಚ್ಚಳ ತೆಗೆದು ನೋಡಿ, "ಕಾಯಿ ಕಮ್ಮಿ ಆಗಿದೆ" ಎಂದು ಅಮ್ಮನ ಕಡೆ ಸರಿಸಿದಳು. ತಿನ್ನಲಿಲ್ಲ.

ಮಾರನೆಯ ದಿನ ನಾನು ಮನೆಯಲ್ಲಿರುವಾಗಲೇ ಮೌಶಿ ಬಂದರು. "ಜ್ವರ ಬಿಡ್ತಾ?" ಎಂದು ಅಕ್ಕನ ಹಣೆ ಮುಟ್ಟಿದರು. ಅಕ್ಕ ನನ್ನ ಕಡೆ ಒಮ್ಮೆ ನೋಡಿ, "ಹೂಂ ಮೌಶಿ, ಬಿಡ್ತು" ಎಂದಳು. ಅವರು ಹೋದ ಮೇಲೆ ಬೈಗುಳಕ್ಕೆ ಕಾದೆ. ಅವಳು ಮೆಷಿನ್ನಿನ ಚಕ್ರ ತಿರುಗಿಸುತ್ತ, "ಒಳ್ಳೇದು ಮಾಡ್ದೆ. ಮೆಟ್ಟಿಲಿಂದ ಬರ್ಲಿಲ್ಲ ಅಂದಿದ್ರೆ ಅವ್ರ ಮನಸ್ಸಿಗೆ ಚುಚ್ತಿತ್ತು. ನಿಂಗೂ ಬುದ್ಧಿ ಬಂದಿದೆ ಮಾರಾಯ" ಎಂದಳು.

ಆ ಹೊಗಳಿಕೆಯನ್ನು ನಾನು ಇಟ್ಟುಕೊಂಡೆ. ಹೇಳಿದ ಸುಳ್ಳಿಗಿಂತ ಇದು ನನ್ನನ್ನು ಹೆಚ್ಚು ಕಾಡಿದೆ. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ.

ಅಕ್ಕ ಶುಕ್ರವಾರಗಳನ್ನು ಒಮ್ಮೆಲೇ ಬಿಡಲಿಲ್ಲ. ಒಂದು ವಾರ ತಲೆನೋವು, ಇನ್ನೊಂದು ವಾರ ಯಾರದೋ ಮದುವೆಯ ರವಿಕೆಗಳು. ಪಾಟಿ ಬಂದು ರೇಗಿಸಿದರು, "ಏನ್ ಮಾರಾಯ್ತಿ, ನೀನಿಲ್ದೆ ಆ ಹಾಡು ನಾನೊಬ್ಳೇ ಹಾಳು ಮಾಡ್ಬೇಕಾ?" ಅಕ್ಕ ನಕ್ಕಳು, ಹೋಗಲಿಲ್ಲ. ಹಾಲಿನ ವಿಚಾರ ಅವರನ್ನೂ ಕೇಳಲಿಲ್ಲ. ನನ್ನ ಮಾತು ಉಳಿಸಲೆಂದು ಅವರಿಗೂ ಜ್ವರವೆಂದೇ ಹೇಳಿದ್ದಳು. ನನ್ನ ಸುಳ್ಳನ್ನು ಹೊರುವ ಕೆಲಸ ಅವಳ ಪಾಲಿಗೆ ಬಂತು. ಮೌಶಿ ಇನ್ನೂ ಕೆಲವು ಸಲ ಕರೆದರು, ಆಮೇಲೆ ಒತ್ತಾಯ ಮಾಡಲಿಲ್ಲ. ಒಪ್ಪಂದ ಮುಗಿದು ಅವರು ಬೊಂಬಾಯಿಗೆ ಹೊರಟಾಗ ಫೋನ್ ನಂಬರ್ ಕೊಟ್ಟು, ಅಕ್ಕನ ಕೈ ಹಿಡಿದು, "ನನ್ನಿಂದ ಏನಾದ್ರೂ ತಪ್ಪಾಯ್ತಾ?" ಎಂದು ಕೇಳಿದರು. "ಏನಿಲ್ಲ ಮೌಶಿ" ಎಂದಳು ಅಕ್ಕ. ನಾನು ಬಾಗಿಲಲ್ಲೇ ಇದ್ದೆ.

ಮಲಿದಾ ಆಗಿ ಎರಡು ವರ್ಷ ಕಳೆದ ಮೇಲೆ ನನಗೆ ಹೆಣ್ಣು ನೋಡುವ ಮಾತು ಎದ್ದಿತು. ಹುಡುಗಿಯ ಚಿಕ್ಕಮ್ಮ ನಮ್ಮ ಮನೆಗೆ ಬಂದು ಹುಡುಗ ಹೇಗೆ ಎಂದು ಅಕ್ಕನನ್ನೇ ಕೇಳಿದರು. ಅಕ್ಕ ಮಹಡಿ ಮೇಲಿನ ಹಾಲಿನ ಕತೆಯನ್ನು ಪೂರ್ತಿ ಹೇಳಿ, "ಇನ್ನೊಬ್ರ ಮನಸ್ಸು ನೋಯ್ಬಾರ್ದು ಅಂತ ತಾನೇ ಯೋಚ್ನೆ ಮಾಡಿ ಜ್ವರ ಅಂದ. ಅಂಥೋನು ನನ್ನ ತಮ್ಮ" ಎಂದಳು. ಒಳಗೆ ಕೂತಿದ್ದ ನಾನು ಕೇಳಿಸಿಕೊಂಡೆ. ಆ ಸಂಜೆ ಅವಳೆದುರು ಕೂತೆ.

"ಆ ಹಾಲಿಗೆ ಮೆಟ್ಟಿಲಿರ್ಲಿಲ್ಲ" ಎಂದೆ.

ಅವಳು ಸೂಜಿ ಹಿಡಿದೇ ನೋಡಿದಳು. ಎಲ್ಲ ಹೇಳಿದೆ. ತೀರ್ಥಹಳ್ಳಿಯ ಭಾವನನ್ನೂ ಬಿಡಲಿಲ್ಲ.

"ನಂಗೆ ಜಾಗ ಇಟ್ಟಿದ್ರಾ?"

"ಇಟ್ಟಿದ್ರು. ಪಾಟಿ ಪಕ್ಕ. ಅವಲಕ್ಕಿ ಕಲೆಸ್ದೆ ಕಾಯ್ತಿದ್ರು."

"ಎರಡು ವರ್ಷ ಆ ತಾಯಿನ ಮನಸ್ಸಲ್ಲೇ ಬೈಕೊಂಡಿದೀನಿ ಕಣೋ" ಎಂದಳು. ಅಳಲಿಲ್ಲ. ಹಲವು ದಿನ ನನ್ನ ಜೊತೆ ಮಾತಾಡಲಿಲ್ಲ. ಬೇಕಾದ್ದನ್ನು ಅಮ್ಮನ ಮೂಲಕ ಕೇಳುತ್ತಿದ್ದಳು. ಆಮೇಲೆ ಒಂದು ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಟಾಗ, "ನನ್ನೂ ಕರ್ಕೊಂಡು ಹೋಗು. ಆ ಹಾಲ್ ನೋಡ್ಬೇಕು" ಎಂದಳು.

"ಅಂಗಡಿ ಮುಂದೇನೇ ಹೋಗ್ಬೇಕಾಗುತ್ತೆ."

"ಅದಕ್ಕೇ."

ಅಂಗಡಿಗೆ ಸ್ವಲ್ಪ ಈಚೆಗೇ ಆಟೊ ನಿಲ್ಲಿಸು ಎಂದವಳೂ ಅವಳೇ. ಅವಳನ್ನು ಬೆನ್ನಿಗೇರಿಸಿಕೊಂಡು ನಡೆದೆ. ಯಜಮಾನರು ಬಾಗಿಲಲ್ಲಿ ಊದುಬತ್ತಿ ಬೆಳಗುತ್ತಿದ್ದರು. "ಯಾರೋ ಇದು?"

"ನಮ್ಮಕ್ಕ ಸಾರ್."

"ತೀರ್ಥಹಳ್ಳಿಗೆ ಕೊಟ್ಟಿದೀವಿ ಅಂದಿದ್ದೆ?"

ಬೆನ್ನ ಮೇಲಿಂದ ಅಕ್ಕ, "ಕೊಟ್ಟಿದ್ದು ಇವನೇ ಸಾರ್, ನಂಗೇ ಗೊತ್ತಿರ್ಲಿಲ್ಲ" ಎಂದಳು. ಹುಡುಗರು ನಕ್ಕರು. ಯಜಮಾನರು ನಗಲಿಲ್ಲ. ನನ್ನ ಮುಖ ನೋಡಿ, ಊದುಬತ್ತಿಯನ್ನು ಸಿಕ್ಕಿಸಲು ಒಳಗೆ ಹೋದರು. ಆಮೇಲೆ ಅವರು ನನ್ನ ಮನೆಯ ಸಮಾಚಾರ ಕೇಳಿದ್ದು ಬಹಳ ಕಡಿಮೆ.

ಹಾಲಿನಲ್ಲಿ ಯಾರದೋ ಮಗುವಿನ ನಾಮಕರಣ ನಡೆಯುತ್ತಿತ್ತು. ಅಕ್ಕ ಬಾಗಿಲಲ್ಲಿ ಇಳಿಸು ಎಂದಳು. "ನೀನು ಆಚೆನೇ ಇರು" ಎಂದು, ಅಂಗೈ ಊರಿಕೊಂಡು ಒಳಗೆ ಸರಿದಳು. ಯಾರೋ ಹೆಂಗಸು ಬಗ್ಗಿ ಏನೋ ಕೇಳಿದರು, ಅಕ್ಕ ಏನೋ ಉತ್ತರ ಕೊಟ್ಟಳು, ಆ ಹೆಂಗಸು ಸರಿದು ದಾರಿ ಬಿಟ್ಟರು. ಆಮೇಲೆ ನನಗೆ ಕಾಣಲಿಲ್ಲ. ಬಹಳ ಹೊತ್ತು ಬೀದಿಯಲ್ಲಿ ನಿಂತಿದ್ದೆ. ಒಳಗೆ ಕರೆಯುವವರು ಯಾರೂ ಇರಲಿಲ್ಲ. ಮದುವೆಮನೆಗಳಲ್ಲಿ ಆ ಕೋಣೆಯೊಳಗೆ ಅವಳು ಹೇಗೆ ಕೂತಿರುತ್ತಿದ್ದಳು ಎಂದು ಅಷ್ಟು ವರ್ಷಕ್ಕೆ ಮೊದಲ ಸಲ ಯೋಚಿಸಿದೆ.

ಹೊರಗೆ ಬಂದವಳು, "ಎಸ್‌ಟಿಡಿ ಬೂತ್ ಎಲ್ಲಿದೆ?" ಎಂದಳು. ಮೌಶಿಯ ನಂಬರ್ ಅವಳಿಗೆ ಬಾಯಿಪಾಠವಿತ್ತು.

"ನಾನೇ ಹೇಳ್ತೀನಿ ಅಕ್ಕ. ತಪ್ಪು ನಂದು."

"ನೀನು ಹೇಳಿದ್ರೆ ಏನಾದ್ರೂ ಸೇರಿಸ್ತೀಯ. ನಂಬರ್ ಒತ್ತು ಸಾಕು."

ಬೂತಿನವನು ಫೋನಿನ ವೈರನ್ನು ಎಳೆದು ರಿಸೀವರನ್ನು ನೆಲದವರೆಗೆ ಇಳಿಸಿ ಕೊಟ್ಟ. ಅಕ್ಕ ಗೋಡೆಗೆ ಒರಗಿ ಕೂತಳು. "ಮೌಶಿ, ನಾನು, ಭದ್ರಾವತಿಯಿಂದ... ಇಲ್ಲ ಇಲ್ಲ, ಎಲ್ಲ ಚೆನ್ನಾಗಿದೀವಿ. ಅವತ್ತು ನಂಗೆ ಜ್ವರ ಇರ್ಲಿಲ್ಲ ಮೌಶಿ. ಹಾಲ್ ಮಹಡಿ ಮೇಲಿದೆ ಅಂತ ನನ್ನ ತಮ್ಮ ಸುಳ್ಳು ಹೇಳಿದ್ದ. ನನ್ನ ಹೊತ್ಕೊಂಡು ಬರಕ್ಕೆ ಅವನಿಗೆ ನಾಚಿಕೆ ಆಗಿತ್ತಂತೆ." ಅಷ್ಟೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆಮೇಲೆ ಬಹಳ ಹೊತ್ತು ಅವಳು ಕೇಳಿಸಿಕೊಂಡಳು. ಒಮ್ಮೆ ಕಣ್ಣೊರೆಸಿಕೊಂಡಳು, ಒಮ್ಮೆ ಜೋರಾಗಿ ನಕ್ಕಳು.

ಫೋನ್ ಇಟ್ಟ ಮೇಲೆ ಬೆನ್ನು ಬಗ್ಗಿಸಿದೆ. ಹತ್ತಿಕೊಂಡಳು.

"ಏನಂದ್ರು?" ಎಂದೆ.

"ಅದು ನಂಗೆ ಹೇಳಿದ್ದು" ಎಂದಳು ಅಕ್ಕ. "ನೀನು ನಡಿ."